ಚಿತ್ರ, ಹೆಸರು, ವಸ್ತು: ರೆನೆ ಮಾಗ್ರಿತ್ ಎಂಬ ಚಿತ್ರಕಾರ

(ಸುವರ್ಣ ಮಹೋತ್ಸವದ ಉಪನ್ಯಾಸ ಮಾಲಿಕೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಾಫ್ಟ್‌ವೇರ್ ಕೆಲಸದವನು ಮಾತನಾಡುತ್ತಾನೆ ಎಂದಾಗ ಕಂಪ್ಯೂಟರ್ ಬಗ್ಗೆ, ಕೆಲಸ ಸಿಗುವ ದಾರಿಯ ಬಗ್ಗೆ ಹೇಳುತ್ತಾನೆ ಎಂದು ನೀವು ಎಣಿಸಿರಬಹುದು. ಕಂಪ್ಯೂಟರ್ ವಿಷಯ ನಡುವೆ ಸ್ವಲ್ಪ ಬರುತ್ತದೆ. ಆದರೆ ಇವತ್ತು ನಾನು ಆರಿಸಿಕೊಂಡಿರುವುದು ಬೆಲ್ಜಿಯಂ ಎಂಬ ಪುಟ್ಟ ದೇಶದ ಒಬ್ಬ ಚಿತ್ರಕಾರನನ್ನು. ಅವನ ಹೆಸರು ರೆನೆ ಮಾಗ್ರಿತ್. 1898ರಲ್ಲಿ ಹುಟ್ಟಿ 1967ರಲ್ಲಿ ತೀರಿಕೊಂಡ. ಆರಿಸಿಕೊಂಡದ್ದಕ್ಕೆ ಕಾರಣ ಇಷ್ಟೇ. ಶಾಲೆ ಶುರುವಾಗುವುದೇ ಚಿತ್ರದಿಂದ ಮತ್ತು ಅದರ ಕೆಳಗಿನ ಹೆಸರಿನಿಂದ. ಆನೆಯ ಚಿತ್ರ, ಕೆಳಗೆ 'ಆನೆ'. ಇಲಿಯ ಚಿತ್ರ, ಕೆಳಗೆ 'ಇಲಿ'. ಚಿತ್ರಕ್ಕೂ ಹೆಸರಿಗೂ ಆ ಪ್ರಾಣಿಗೂ ಏನು ಸಂಬಂಧ ಎಂದು ನಾವು ಆಮೇಲೆ ಕೇಳುವುದಿಲ್ಲ. ಈ ಮನುಷ್ಯ ಜೀವನವಿಡೀ ಅದನ್ನೇ ಕೇಳಿದ.

ಅವನ ಒಂದು ಚಿತ್ರದಿಂದ ಶುರು ಮಾಡುತ್ತೇನೆ. 1929ರಲ್ಲಿ ಬರೆದದ್ದು, ಈಗ ಅಮೆರಿಕದ ಲಾಸ್ ಏಂಜಲೀಸ್ ನಗರದ ಮ್ಯೂಸಿಯಂನಲ್ಲಿದೆ. ಚಿತ್ರದಲ್ಲಿರುವುದು ಒಂದೇ ವಸ್ತು, ಹೊಗೆ ಸೇದುವ ಪೈಪು. ಬೋರ್‌ವೆಲ್ಲಿನ ಪೈಪಲ್ಲ, ನಮ್ಮ ಚಿಲುಮೆಯ ದಾಯಾದಿ ಅನ್ನಬಹುದಾದ ಮರದ ಪೈಪು. ಅಂಗಡಿಯ ಬೋರ್ಡಿನಲ್ಲಿ ಬರೆಯುವಂತೆ ಅಚ್ಚುಕಟ್ಟಾಗಿ, ಹೊಳಪು ಕಾಣುವ ಹಾಗೆ ಬರೆದಿದ್ದಾನೆ. ಅದರ ಕೆಳಗೆ, ಶಾಲೆಯ ಕಾಪಿ ಪುಸ್ತಕದ ದುಂಡಗಿನ ಅಕ್ಷರದಲ್ಲಿ, ಫ್ರೆಂಚ್ ಭಾಷೆಯಲ್ಲಿ ಒಂದು ಸಾಲು: 'ಇದು ಪೈಪು ಅಲ್ಲ'.

ನೋಡಿದವರಿಗೆ ಸಿಟ್ಟು ಬಂತು. ಕಣ್ಣೆದುರಿಗೆ ಪೈಪು ಕಾಣುತ್ತಿದೆ, ಇವನು ಅಲ್ಲ ಅನ್ನುತ್ತಾನಲ್ಲ! ಮಾಗ್ರಿತ್ ಕೊಟ್ಟ ಉತ್ತರದ ಸಾರ ಇದು: ಹಾಗಾದರೆ ಇದಕ್ಕೆ ಹೊಗೆಸೊಪ್ಪು ತುಂಬಿ ನೋಡಿ, ಆಗುತ್ತದೆಯೇ? ಆಗುವುದಿಲ್ಲ. ಅದು ಬಣ್ಣ ಬಳಿದ ಬಟ್ಟೆ. ಬೋರ್ಡಿನ ಮೇಲೆ ಮೇಷ್ಟ್ರು ಬರೆದ ಹಸು ಹಾಲು ಕೊಡುವುದಿಲ್ಲ ಎಂದು ಇಲ್ಲಿರುವ ಎಲ್ಲರಿಗೂ ಗೊತ್ತು. ಆದರೂ ಆ ಚಿತ್ರವನ್ನು ತೋರಿಸಿ 'ಇದೇನು?' ಎಂದರೆ ಇಡೀ ಕ್ಲಾಸು ಒಂದೇ ಸ್ವರದಲ್ಲಿ 'ಹಸು' ಅನ್ನುತ್ತದೆ. 'ಹಸುವಿನ ಚಿತ್ರ' ಅನ್ನುವವರಿಲ್ಲ. ಈ ಸಣ್ಣ ಜಾಗದಲ್ಲಿ ಮಾಗ್ರಿತ್ ಬೆರಳಿಟ್ಟ. ಆ ಚಿತ್ರದ ಹೆಸರು 'ಚಿತ್ರಗಳ ದ್ರೋಹ'.

ಇನ್ನು ಅವನ ಬದುಕು. ಬೆಲ್ಜಿಯಂನ ಲೆಸಿನ್ ಎಂಬ ಸಣ್ಣ ಊರಿನಲ್ಲಿ 1898ರ ನವೆಂಬರ್ 21ರಂದು ಹುಟ್ಟಿದ. ಅಪ್ಪ ದರ್ಜಿ, ಬಟ್ಟೆ ವ್ಯಾಪಾರವನ್ನೂ ಮಾಡುತ್ತಿದ್ದ. ಅಮ್ಮ ಮದುವೆಗೆ ಮುಂಚೆ ಹೆಂಗಸರ ಟೋಪಿ ಹೊಲಿಯುತ್ತಿದ್ದಳು. ಮೂವರು ಗಂಡುಮಕ್ಕಳಲ್ಲಿ ಇವನೇ ಹಿರಿಯ. ಅಪ್ಪನ ವ್ಯಾಪಾರದ ಜೊತೆ ಸಂಸಾರ ಊರಿಂದೂರಿಗೆ ಹೋಗುತ್ತಿತ್ತು. ಅಮ್ಮನಿಗೆ ಮನಸ್ಸಿನ ಕಾಯಿಲೆ ಇತ್ತು. ಅವರು ಶಾತ್ಲೆ ಎಂಬ ಊರಿನಲ್ಲಿದ್ದಾಗ, 1912ರ ಫೆಬ್ರವರಿಯ ಒಂದು ರಾತ್ರಿ ಆಕೆ ಮನೆ ಬಿಟ್ಟು ಹೋಗಿ ಸಾಂಬ್ರ್ ನದಿಯಲ್ಲಿ ಪ್ರಾಣ ಕಳೆದುಕೊಂಡಳು. ದೇಹ ಸಿಕ್ಕಿದ್ದು ಎರಡು ವಾರಕ್ಕೂ ಹೆಚ್ಚು ದಿನ ಕಳೆದ ಮೇಲೆ. ಆಗ ರೆನೆಗೆ ಹದಿಮೂರು ವರ್ಷ. ಇಲ್ಲಿ ಎಂಟನೇ ಕ್ಲಾಸಿನಲ್ಲಿ ಕುಳಿತಿರುವ ಮಕ್ಕಳ ವಯಸ್ಸು.

ನೀರಿನಿಂದ ಎತ್ತಿದಾಗ ತಾಯಿಯ ಬಟ್ಟೆ ಮುಖಕ್ಕೆ ಸುತ್ತಿಕೊಂಡಿತ್ತು ಎಂಬ ಕಥೆ ಪುಸ್ತಕಗಳಲ್ಲಿ ಓಡಾಡುತ್ತದೆ. ಅವನ 1928ರ 'ಪ್ರೇಮಿಗಳು' ಚಿತ್ರದಲ್ಲಿ ಗಂಡು ಹೆಣ್ಣು ಇಬ್ಬರ ತಲೆಗೂ ಬಿಳಿ ಬಟ್ಟೆ ಮುಚ್ಚಿದೆ. ಕಥೆಯನ್ನೂ ಚಿತ್ರವನ್ನೂ ಜೋಡಿಸಿ 'ಇದೇ ಕಾರಣ' ಎಂದು ಎಷ್ಟೋ ಜನ ಬರೆದರು. ಹುಡುಗ ಆ ದೃಶ್ಯವನ್ನು ಕಣ್ಣಾರೆ ಕಂಡನೇ ಎಂಬುದನ್ನೇ ಆಮೇಲಿನ ಸಂಶೋಧಕರು ಅನುಮಾನಿಸಿದ್ದಾರೆ. ತನ್ನ ಚಿತ್ರಗಳನ್ನು ಹೀಗೆ ಮನೆಯ ದುಃಖದ ಉತ್ತರಪತ್ರಿಕೆ ಮಾಡುವುದು ಅವನಿಗೂ ಹಿಡಿಸುತ್ತಿರಲಿಲ್ಲ. ತಾಯಿಯ ಸಾವಿನ ಬಗ್ಗೆ ಅವನು ಮಾತನಾಡಿದ್ದು ತೀರಾ ಕಡಿಮೆ. ಒಬ್ಬ ಮನುಷ್ಯನ ಮೌನಕ್ಕೆ ನಾವು ಚೀಟಿ ಅಂಟಿಸುವುದು ಬೇಡ. ಅವನೂ ಅದನ್ನೇ ಬಯಸುತ್ತಿದ್ದ.

ಮರುವರ್ಷ ಶಾರ್ಲ್‌ರ್ವಾ ಊರಿನ ಜಾತ್ರೆಯಲ್ಲಿ ಜಾರ್ಜೆತ್ ಎಂಬ ಹುಡುಗಿಯ ಪರಿಚಯವಾಯಿತು. ಮೊದಲ ಮಹಾಯುದ್ಧ ಬಂತು, ಇಬ್ಬರೂ ಒಬ್ಬರಿಗೊಬ್ಬರು ಕಾಣದಾದರು. 1920ರಲ್ಲಿ ಬ್ರಸೆಲ್ಸ್ ನಗರದ ಸಸ್ಯೋದ್ಯಾನದಲ್ಲಿ ಆಕಸ್ಮಿಕವಾಗಿ ಮತ್ತೆ ಎದುರಾದರು. 1922ರಲ್ಲಿ ಮದುವೆಯಾಯಿತು. ಕೊನೆಯವರೆಗೂ ಆಕೆ ಅವನ ಜೊತೆಗಿದ್ದಳು. ಅವನ ಎಷ್ಟೋ ಚಿತ್ರಗಳಲ್ಲಿ ಕಾಣುವ ಹೆಣ್ಣಿನ ಮುಖ ಅವಳದೇ.

ಈ ನಡುವೆ ಬ್ರಸೆಲ್ಸ್‌ನ ಕಲಾಶಾಲೆಯಲ್ಲಿ ಓದಿದ. ಹೊಟ್ಟೆಪಾಡಿಗೆ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಕಾರ್ಖಾನೆಯಲ್ಲಿ ವಿನ್ಯಾಸ ಬರೆಯುವ ಕೆಲಸಕ್ಕೆ ಸೇರಿದ. ಅದು ಬಿಟ್ಟಮೇಲೆ ಪೋಸ್ಟರು, ಜಾಹೀರಾತು ಬರೆದ. ಆ ಹೊತ್ತಿಗೆ ಗೆಳೆಯರೊಬ್ಬರು ಅವನಿಗೆ ಒಂದು ಚಿತ್ರದ ಮುದ್ರಿತ ಪ್ರತಿ ತೋರಿಸಿದರು. ಜಾರ್ಜೊ ದೆ ಕಿರಿಕೊ ಎಂಬ ಇಟಲಿಯ ಕಲಾವಿದ 1914ರಲ್ಲಿ ಬರೆದ 'ಪ್ರೇಮಗೀತೆ'. ಅದರಲ್ಲಿ ಪ್ರೇಮವೂ ಇಲ್ಲ, ಗೀತೆಯೂ ಇಲ್ಲ. ಗ್ರೀಕ್ ವಿಗ್ರಹದ ಒಂದು ತಲೆ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ರಬ್ಬರ್ ಕೈಗವಸು, ಒಂದು ಹಸಿರು ಚೆಂಡು. ಅದನ್ನು ನೋಡಿ ಮಾಗ್ರಿತ್‌ಗೆ ಕಣ್ಣೀರು ಬಂತಂತೆ. ಸಂಬಂಧವೇ ಇಲ್ಲದ ವಸ್ತುಗಳನ್ನು ಪಕ್ಕಪಕ್ಕ ಇಟ್ಟರೆ, ಒಂದೊಂದೂ ಮೊದಲ ಸಲ ಕಂಡಂತೆ ಕಾಣುತ್ತದೆ ಎಂಬುದು ಅವನಿಗೆ ಅಲ್ಲಿ ಹೊಳೆಯಿತು.

ಆ ಕಾಲಕ್ಕೆ ಪ್ಯಾರಿಸ್‌ನಲ್ಲಿ ಸರ್ರಿಯಲಿಸಂ ಎಂಬ ಚಳವಳಿ ನಡೆದಿತ್ತು. ಕನ್ನಡದಲ್ಲಿ ಅತಿವಾಸ್ತವವಾದ ಅನ್ನುತ್ತಾರೆ. ಆಂದ್ರೆ ಬ್ರೆತಾನ್ ಎಂಬ ಕವಿ 1924ರಲ್ಲಿ ಅದರ ಪ್ರಣಾಳಿಕೆ ಪ್ರಕಟಿಸಿದ. ಲಕ್ಷಾಂತರ ಜನರನ್ನು ಕೊಂದ ಯುದ್ಧ ಆಗತಾನೇ ಮುಗಿದಿತ್ತು. ಬುದ್ಧಿ, ತರ್ಕ, ಶಿಸ್ತು ಎಂದು ದೊಡ್ಡವರು ಹೇಳಿಕೊಂಡು ಬಂದದ್ದೆಲ್ಲ ಕೊನೆಗೆ ಯುದ್ಧದ ಕಂದಕಕ್ಕೇ ತಂದು ನಿಲ್ಲಿಸಿತಲ್ಲ ಎಂಬ ಸಿಟ್ಟು ಆ ಯುವಕರಿಗಿತ್ತು. ತರ್ಕದ ಕಾವಲಿಲ್ಲದ ಕನಸನ್ನೂ, ಮನಸ್ಸಿನ ಒಳಗನ್ನೂ ಕಲೆಗೆ ತರಬೇಕು ಎಂದು ಅವರು ಹೊರಟರು.

ಮಾಗ್ರಿತ್ 1927ರಲ್ಲಿ ಬ್ರಸೆಲ್ಸ್‌ನಲ್ಲಿ ಮೊದಲ ಏಕವ್ಯಕ್ತಿ ಪ್ರದರ್ಶನ ಮಾಡಿದ. ವಿಮರ್ಶಕರು ಚೆನ್ನಾಗಿ ಬೈದರು. ಅದೇ ವರ್ಷ ಹೆಂಡತಿಯ ಜೊತೆ ಪ್ಯಾರಿಸ್‌ನ ಹೊರವಲಯಕ್ಕೆ ಹೋಗಿ ಮೂರು ವರ್ಷ ಅಲ್ಲಿದ್ದ. ಪೈಪಿನ ಚಿತ್ರ ಆ ದಿನಗಳದ್ದು. ಅಲ್ಲಿಂದ ಅವನು ದೂರವಾದದ್ದಕ್ಕೆ ಒಂದು ಸಣ್ಣ ಪ್ರಸಂಗವೂ ಸೇರಿಕೊಂಡಿದೆ. 1929ರ ಕೊನೆಗೆ ಒಂದು ಕೂಟದಲ್ಲಿ ಜಾರ್ಜೆತ್ ಕೊರಳಲ್ಲಿ ಶಿಲುಬೆಯ ಪದಕ ಹಾಕಿಕೊಂಡಿದ್ದಳು. ಬ್ರೆತಾನ್‌ಗೆ ಧರ್ಮ ಎಂದರೆ ಆಗದು. ಅದನ್ನು ತೆಗೆಯಬೇಕು ಎಂದ. ದಂಪತಿಗಳು ತೆಗೆಯಲಿಲ್ಲ, ಎದ್ದು ಹೊರಟರು. ಎಲ್ಲ ಕಟ್ಟುಗಳನ್ನೂ ಬಿಡಿಸುತ್ತೇವೆ ಎಂದವರೇ ಇನ್ನೊಬ್ಬರ ಕೊರಳಿಗೆ ಕೈ ಹಾಕಿದರು. ಪ್ಯಾರಿಸ್‌ನ ಗುಂಪಿನಲ್ಲಿ ಹೆಸರು ಮಾಡಬೇಕಾಗಿದ್ದ ಕಲಾವಿದ ಹೆಂಡತಿಯ ಪರ ನಿಂತ. ಮುಂದೆ ಇಬ್ಬರಿಗೂ ರಾಜಿಯಾಯಿತು. ಆದರೆ ಆರ್ಥಿಕ ಕುಸಿತದಿಂದ ಅವನ ಚಿತ್ರ ಕೊಳ್ಳುತ್ತಿದ್ದ ಗ್ಯಾಲರಿಯೂ ಮುಚ್ಚಿತು. 1930ರಲ್ಲಿ ಗಂಡ ಹೆಂಡತಿ ಬ್ರಸೆಲ್ಸ್‌ಗೆ ವಾಪಸು ಬಂದರು.

ಇಲ್ಲಿಂದ ಮುಂದಿನ ಅವನ ಬದುಕು ನನಗೆ ಬಹಳ ಹಿಡಿಸುತ್ತದೆ. ಅತಿವಾಸ್ತವವಾದಿ ಎಂದ ಕೂಡಲೇ ಜನ ನೆನೆಸಿಕೊಳ್ಳುವುದು ಸ್ಪೇನಿನ ಸಾಲ್ವದೋರ್ ದಾಲಿಯನ್ನು. ಚೂಪಾಗಿ ಮೇಲಕ್ಕೆ ತಿರುಗಿಸಿದ ಮೀಸೆ, ದಿನಕ್ಕೊಂದು ವೇಷ. ಮಾಗ್ರಿತ್ ಅದರ ಪೂರ್ತಿ ವಿರುದ್ಧ. ಬ್ರಸೆಲ್ಸ್‌ನ ಜೆಟ್ ಎಂಬ ಬಡಾವಣೆಯಲ್ಲಿ, ಎಸ್ಸೆಗೆಮ್ ಬೀದಿಯ 135ನೇ ನಂಬರಿನ ಮನೆಯ ಕೆಳಭಾಗವನ್ನು ಬಾಡಿಗೆಗೆ ಹಿಡಿದ. ಅಲ್ಲೇ 24 ವರ್ಷ ಇದ್ದ. ಹಿತ್ತಲಿನ ಶೆಡ್ಡಿನಲ್ಲಿ ತಮ್ಮ ಪೌಲ್ ಜೊತೆ 'ಸ್ಟುಡಿಯೊ ದೊಂಗೊ' ಎಂಬ ಜಾಹೀರಾತಿನ ಅಂಗಡಿ ಇಟ್ಟ. ಆ ಕೆಲಸ ಅವನಿಗೆ ಇಷ್ಟವಿರಲಿಲ್ಲ, ಆದರೆ ಮನೆ ನಡೆಯುತ್ತಿದ್ದುದು ಅದರಿಂದ. ತನ್ನ ಚಿತ್ರಗಳನ್ನು ಬರೆಯುತ್ತಿದ್ದುದು ಊಟದ ಕೋಣೆಯ ಒಂದು ಮೂಲೆಯಲ್ಲಿ, ಸೂಟು ಟೈ ಹಾಕಿಕೊಂಡು. ನಾಯಿ ಕರೆದುಕೊಂಡು ವಾಕಿಂಗ್ ಹೋಗುತ್ತಿದ್ದ, ಕೆಫೆಯಲ್ಲಿ ಚೆಸ್ ಆಡುತ್ತಿದ್ದ. ಒಟ್ಟು ಚಿತ್ರಗಳಲ್ಲಿ ಸುಮಾರು ಅರ್ಧದಷ್ಟು ಆ ಬಾಡಿಗೆ ಮನೆಯಲ್ಲೇ ಹುಟ್ಟಿದವು. ಈಗ ಆ ಮನೆಯೇ ಒಂದು ಮ್ಯೂಸಿಯಂ. ಕಲಾವಿದನಾಗಲು ವೇಷ ಬೇಕಿಲ್ಲ, ಊಟದ ಕೋಣೆಯ ಒಂದು ಮೂಲೆ ಸಾಕು ಎಂದು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಅವನು ಕೆಲಸ ಮಾಡುತ್ತಿದ್ದ ರೀತಿ ಇಂಜಿನಿಯರಿಂಗ್ ಓದಿದವರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದೊಂದು ವಸ್ತುವನ್ನೂ ಅವನು ಒಂದು 'ಸಮಸ್ಯೆ' ಅನ್ನುತ್ತಿದ್ದ. ಬಾಗಿಲಿನ ಸಮಸ್ಯೆ, ಮರದ ಸಮಸ್ಯೆ, ಕಿಟಕಿಯ ಸಮಸ್ಯೆ. ಒಂದೊಂದಕ್ಕೂ ಒಂದು ಉತ್ತರ ಇದೆ, ಅದನ್ನು ಹುಡುಕಬೇಕು ಎಂದು ಎಷ್ಟೋ ಸ್ಕೆಚ್ ಹಾಕುತ್ತಿದ್ದ. 1938ರಲ್ಲಿ ಆಂಟ್ವರ್ಪ್ ನಗರದಲ್ಲಿ ಮಾಡಿದ ಒಂದು ಭಾಷಣದಲ್ಲಿ ಇದನ್ನು ತಾನೇ ವಿವರಿಸಿದ್ದಾನೆ. ಒಂದು ರಾತ್ರಿ ಎಚ್ಚರವಾದಾಗ, ಕೋಣೆಯಲ್ಲಿದ್ದ ಪಂಜರದೊಳಗೆ ಮಲಗಿದ್ದ ಹಕ್ಕಿಯ ಬದಲು ಅವನಿಗೆ ಮೊಟ್ಟೆ ಕಂಡಿತಂತೆ. ನಿದ್ದೆಗಣ್ಣಿನ ಭ್ರಮೆ. ಆದರೆ ಪಂಜರಕ್ಕೂ ಮೊಟ್ಟೆಗೂ ಒಳಗೊಳಗೇ ನಂಟಿದೆಯಲ್ಲ! ಸಂಬಂಧವೇ ಇಲ್ಲದ ವಸ್ತುಗಳನ್ನು ಜೋಡಿಸುವುದಕ್ಕಿಂತ, ಇರುವ ಸಂಬಂಧವನ್ನು ಅನಿರೀಕ್ಷಿತವಾಗಿ ತೋರಿಸುವುದು ಹೆಚ್ಚು ಬೆರಗು ಹುಟ್ಟಿಸುತ್ತದೆ ಎಂದು ಅವನಿಗೆ ಆಗ ತಿಳಿಯಿತು.

ಬಾಗಿಲಿನ ಸಮಸ್ಯೆಗೆ ಸಿಕ್ಕಿದ ಉತ್ತರ 1933ರ ಒಂದು ಚಿತ್ರ. ಮುಚ್ಚಿದ ಬಾಗಿಲು, ಅದರಲ್ಲಿ ಮನುಷ್ಯ ತೂರಿ ಹೋದ ಹಾಗೆ ಅಂಕುಡೊಂಕಾದ ದೊಡ್ಡ ತೂತು. ಆಚೆ ಕತ್ತಲು. ಬಾಗಿಲು ಇರುವುದೇ ದಾಟಲಿಕ್ಕೆ ಎಂಬುದನ್ನು ಹೀಗೆ ಹೇಳಿದ. 1936ರ ಚಿತ್ರದಲ್ಲಿ ಅವನೇ ಕುಳಿತಿದ್ದಾನೆ. ಮೇಜಿನ ಮೇಲೆ ಮೊಟ್ಟೆ ಇದೆ, ಅವನ ಕಣ್ಣು ಮೊಟ್ಟೆಯ ಮೇಲಿದೆ, ಕೈ ಬರೆಯುತ್ತಿರುವುದು ರೆಕ್ಕೆ ಬಿಚ್ಚಿದ ಹಕ್ಕಿ. 1937ರ ಚಿತ್ರದಲ್ಲಿ ಒಬ್ಬ ಕನ್ನಡಿ ಮುಂದೆ ನಿಂತಿದ್ದಾನೆ. ನಮಗೆ ಅವನ ಬೆನ್ನು ಕಾಣುತ್ತದೆ. ಕನ್ನಡಿಯಲ್ಲಿ ಮುಖ ಕಾಣಬೇಕಲ್ಲವೇ? ಅಲ್ಲೂ ಬೆನ್ನೇ. ಆದರೆ ಕನ್ನಡಿಯ ಮುಂದಿನ ಪುಸ್ತಕದ ಬಿಂಬ ಮಾತ್ರ ಸರಿಯಾಗಿದೆ. 1938ರ ಇನ್ನೊಂದರಲ್ಲಿ, ಚಳಿ ಕಾಯಿಸುವ ಒಲೆಗೂಡಿನ ಗೋಡೆಯಿಂದ ಒಂದು ಪುಟ್ಟ ಉಗಿಬಂಡಿ ಹೊರಗೆ ನುಗ್ಗುತ್ತಿದೆ. ಅದರ ಹೊಗೆ ಮಾತ್ರ ಬೇರೆಲ್ಲೂ ಹರಡದೆ, ಸಂಸಾರಸ್ಥರ ಮನೆಯ ಹೊಗೆಯಂತೆ ಚಿಮಣಿಯೊಳಕ್ಕೇ ಹೋಗುತ್ತದೆ. ಈ ಚಿತ್ರಗಳಲ್ಲಿ ಒಂದೇ ಒಂದು ಕಡೆ ನಿಯಮ ಮುರಿದಿರುತ್ತಾನೆ, ಉಳಿದದ್ದನ್ನೆಲ್ಲ ಕಟ್ಟುನಿಟ್ಟಾಗಿ ಉಳಿಸಿಕೊಂಡಿರುತ್ತಾನೆ. ಎಲ್ಲವನ್ನೂ ಮುರಿದರೆ ಅದು ಗಲಾಟೆ ಮಾತ್ರ. ಒಂದನ್ನು ಮುರಿದಾಗ ಉಳಿದ ನಿಯಮಗಳೂ ಎದ್ದು ಕಾಣುತ್ತವೆ.

ಈಗ ನಮ್ಮ ಶಾಲೆಯ ಚಾರ್ಟಿಗೆ ಹತ್ತಿರದ ಚಿತ್ರ. ಹೆಸರು 'ಕನಸುಗಳ ಕೀಲಿಕೈ'. ಮೊದಲ ಸಲ 1927ರಲ್ಲಿ ಬರೆದ, ಆಮೇಲೆ ಬೇರೆ ಬೇರೆ ರೂಪದಲ್ಲಿ ಬರೆದ. ಒಂದನೇ ಕ್ಲಾಸಿನ ಗೋಡೆಯಲ್ಲಿರುವ ಚಾರ್ಟಿನಂತೆ ನಾಲ್ಕು ಚೌಕ. ಒಂದರಲ್ಲಿ ಕೈಚೀಲ, ಕೆಳಗೆ 'ಆಕಾಶ' ಎಂದು ಬರೆದಿದೆ. ಚಾಕುವಿನ ಕೆಳಗೆ 'ಹಕ್ಕಿ'. ಎಲೆಯ ಕೆಳಗೆ 'ಮೇಜು'. ನಾಲ್ಕನೆಯದರಲ್ಲಿ ಸ್ಪಂಜು, ಅದರ ಕೆಳಗೆ 'ಸ್ಪಂಜು' ಎಂದೇ ಇದೆ. ಮೂರು ತಪ್ಪು ನೋಡಿದ ಮೇಲೆ ನಾಲ್ಕನೆಯ ಸರಿಯನ್ನೂ ನಂಬಲು ಮನಸ್ಸು ಹಿಂಜರಿಯುತ್ತದೆ. ಸ್ಪಂಜಿಗೆ ಸ್ಪಂಜು ಎಂದು ಯಾಕೆ ಅನ್ನಬೇಕು? ಎಲ್ಲರೂ ಹಾಗೆ ಅನ್ನುತ್ತಾರೆ ಎಂಬುದನ್ನು ಬಿಟ್ಟರೆ ಬೇರೆ ಕಾರಣವಿಲ್ಲ. ನಾವು ನೀರು ಅನ್ನುತ್ತೇವೆ, ಆಂಧ್ರದವರು ನೀಳ್ಳು ಅನ್ನುತ್ತಾರೆ, ಹಿಂದಿಯವರು ಪಾನಿ ಅನ್ನುತ್ತಾರೆ. ಬಾಯಾರಿಕೆ ತೀರಿಸುವುದು ಹೆಸರಲ್ಲ.

ನಮ್ಮ ತಾಯಂದಿರಿಗೆ ಇದು ಹೊಸ ವಿಷಯವೇನಲ್ಲ. ಅಡುಗೆಮನೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾರ್ಲಿಕ್ಸ್ ಇರುವುದಿಲ್ಲ, ಹುಣಸೆಹಣ್ಣು ಇರುತ್ತದೆ. ಚೀಟಿ ನೋಡಿ ಯಾವ ತಾಯಿಯೂ ಹಾಲಿಗೆ ಬೆರೆಸುವುದಿಲ್ಲ. ಮುಚ್ಚಳ ತೆಗೆದು ನೋಡುತ್ತಾಳೆ. ಆದರೆ ಕಂಪ್ಯೂಟರ್‌ಗೆ ಈ ಬುದ್ಧಿ ತಾನಾಗಿ ಬರುವುದಿಲ್ಲ. ನನ್ನ ಕೆಲಸದಲ್ಲಿ ನಾವು ಮಾಹಿತಿ ಇಡುವ ಜಾಗಕ್ಕೆ ಹೆಸರು ಕೊಡುತ್ತೇವೆ. 'ವಯಸ್ಸು' ಎಂದು ಹೆಸರಿಟ್ಟ ಜಾಗಕ್ಕೆ ಪಿನ್‌ಕೋಡ್ ಹಾಕಿದರೆ, ತಡೆಯಬೇಕು ಎಂದು ನಾವು ಮೊದಲೇ ಬರೆದಿಡದಿದ್ದರೆ, ಅದು ಸುಮ್ಮನೆ ತೆಗೆದುಕೊಳ್ಳುತ್ತದೆ. ಆ ಹೆಸರು ಇರುವುದು ನಮಗಾಗಿ, ಯಂತ್ರಕ್ಕಾಗಿ ಅಲ್ಲ.

ಇನ್ನೂ ಸೋಜಿಗದ ಸಂಗತಿ ಇದೆ. ಚಿತ್ರ ನೋಡಿ ಇದು ಇಂಥದ್ದು ಎಂದು ಹೇಳುವ ಕೃತಕ ಬುದ್ಧಿಮತ್ತೆಯ ಒಂದು ಪ್ರೋಗ್ರಾಂ ಬಗ್ಗೆ ಅಮೆರಿಕದ ಓಪನ್‌ಎಐ ಸಂಸ್ಥೆಯ ಸಂಶೋಧಕರು 2021ರಲ್ಲಿ ಬರೆದರು. ಒಂದು ಹಸಿರು ಸೇಬು ತೋರಿಸಿದರು. ಸೇಬು ಎಂದಿತು. ಅದೇ ಸೇಬಿನ ಮೇಲೆ 'ಐಪಾಡ್' ಎಂದು ಕೈಯಲ್ಲಿ ಬರೆದ ಕಾಗದದ ಚೂರು ಅಂಟಿಸಿ ತೋರಿಸಿದರು. ಐಪಾಡ್ ಎಂದರೆ ಜೇಬಿನಲ್ಲಿ ಇಟ್ಟುಕೊಂಡು ಹಾಡು ಕೇಳುವ ಸಾಧನ. ಯಂತ್ರ ಬಹುಪಾಲು ಖಚಿತವಾಗಿ 'ಇದು ಐಪಾಡ್' ಎಂದಿತು. ಕಣ್ಣೆದುರಿಗೆ ಸೇಬು ಇದೆ, ಅಂಟಿಸಿದ ಚೀಟಿ ಗೆದ್ದಿತು. ತೊಂಬತ್ತು ವರ್ಷಗಳಿಗೂ ಮೊದಲು ಬ್ರಸೆಲ್ಸ್‌ನ ಒಬ್ಬ ಜಾಹೀರಾತು ಬರೆಯುವವನು ಕೈಚೀಲದ ಕೆಳಗೆ ಆಕಾಶ ಎಂದು ಬರೆದು ಪರೀಕ್ಷೆ ಮಾಡಿದ್ದೂ ಇದನ್ನೇ ಅಲ್ಲವೇ? ಅವನು ಪರೀಕ್ಷೆ ಮಾಡಿದ್ದು ಮನುಷ್ಯರನ್ನು.

ಸೇಬು ಅಂದಾಗ ನೆನಪಾಯಿತು. ಹಸಿರು ಸೇಬು ಅವನ ಮೆಚ್ಚಿನ ವಸ್ತು. 1964ರ 'ಮನುಷ್ಯಪುತ್ರ' ಚಿತ್ರದಲ್ಲಿ ಸೂಟು ಹಾಕಿ ಗುಂಡು ಟೋಪಿ ಇಟ್ಟ ಒಬ್ಬ ನಿಂತಿದ್ದಾನೆ, ಮುಖಕ್ಕೆ ಅಡ್ಡವಾಗಿ ಒಂದು ಹಸಿರು ಸೇಬು ತೇಲುತ್ತಿದೆ. ಸೇಬಿನ ಅಂಚಿನಲ್ಲಿ ಕಣ್ಣು ಇಷ್ಟೇ ಇಷ್ಟು ಇಣುಕುತ್ತದೆ. ನಾವು ನೋಡುವ ಪ್ರತಿಯೊಂದೂ ಅದರ ಹಿಂದಿನ ಇನ್ನೊಂದನ್ನು ಮುಚ್ಚಿರುತ್ತದೆ, ನಮಗೆ ಬೇಕೆನಿಸುವುದು ಆ ಹಿಂದಿರುವುದೇ ಎಂಬುದು ಅವನ ವಿಚಾರ. ಅವನ ಇನ್ನೊಂದು ಸೇಬಿನ ಚಿತ್ರ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕೈಸೇರಿತು. ಆ ತಂಡದವರು 1968ರಲ್ಲಿ ಶುರುಮಾಡಿದ ಕಂಪನಿಯ ರೆಕಾರ್ಡುಗಳ ಮೇಲಿನ ಹಸಿರು ಸೇಬಿನ ಗುರುತಿಗೆ ಅದೇ ಪ್ರೇರಣೆ.

ಈ ಗುಂಡು ಟೋಪಿಯವರೇ ತುಂಬಿರುವ ಇನ್ನೊಂದು ಚಿತ್ರಕ್ಕೂ ನಮ್ಮ ಕಡೆಗೂ ಒಂದು ನಂಟಿದೆ. 1953ರ ಚಿತ್ರ, ಈಗ ಅಮೆರಿಕದ ಹ್ಯೂಸ್ಟನ್‌ನಲ್ಲಿದೆ. ಸಾಧಾರಣ ಮನೆಗಳ ಸಾಲು. ಅದರ ಮುಂದೆ, ಮೇಲೆ, ಆಕಾಶದ ತುಂಬ ಕಪ್ಪು ಕೋಟಿನ ಗಂಡಸರು ಮಳೆಹನಿಗಳಂತೆ ಲೆಕ್ಕವಿಲ್ಲದಷ್ಟು. ಬೀಳುತ್ತಿದ್ದಾರೋ ಏಳುತ್ತಿದ್ದಾರೋ ಸುಮ್ಮನೆ ನಿಂತಿದ್ದಾರೋ ಗೊತ್ತಾಗದು. ಇದರ ಹೆಸರು 'ಗೋಲ್ಕೊಂಡಾ'. ಹೌದು, ಹೈದರಾಬಾದಿನ ಪಕ್ಕದ ನಮ್ಮ ಗೋಲ್ಕೊಂಡ. 1565ರ ತಾಳಿಕೋಟೆ ಯುದ್ಧದ ಪಾಠದಲ್ಲಿ ವಿಜಯನಗರದ ವಿರುದ್ಧ ನಿಂತ ಸುಲ್ತಾನರ ಪೈಕಿ ಓದುತ್ತೇವಲ್ಲ, ಅದೇ ರಾಜ್ಯ. ಅಲ್ಲಿಯ ವಜ್ರದ ವ್ಯಾಪಾರದಿಂದಾಗಿ ಯುರೋಪಿನ ಭಾಷೆಗಳಲ್ಲಿ ಗೋಲ್ಕೊಂಡಾ ಎಂದರೆ ಬರಿದಾಗದ ಐಶ್ವರ್ಯ ಎಂದೇ ಅರ್ಥ ನಿಂತುಬಿಟ್ಟಿತ್ತು. ಈ ಹೆಸರು ಸೂಚಿಸಿದವನು ಅವನ ಗೆಳೆಯ, ಕವಿ ಲೂಯಿ ಸ್ಕುತೆನೇರ್. ಮಾಗ್ರಿತ್‌ಗೆ ಈ ಅಭ್ಯಾಸವಿತ್ತು. ಚಿತ್ರ ಮುಗಿದ ಮೇಲೆ ಗೆಳೆಯರನ್ನು ಕರೆದು ಹೆಸರು ಕೇಳುತ್ತಿದ್ದ. ಹೆಸರು ಚಿತ್ರವನ್ನು ವಿವರಿಸಬಾರದು ಎಂಬುದೊಂದೇ ಷರತ್ತು.

ಅವನ ದಾರಿ ನೇರವಾಗಿಯೇ ಇತ್ತು ಎಂದುಕೊಳ್ಳಬೇಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಬೆಲ್ಜಿಯಂ ಅನ್ನು ಆಕ್ರಮಿಸಿತು. ಸುತ್ತ ಭಯವೇ ತುಂಬಿರುವಾಗ ಭಯ ಹುಟ್ಟಿಸುವ ಚಿತ್ರ ಬರೆಯುವುದರಲ್ಲಿ ಅರ್ಥವಿಲ್ಲ ಎಂದು, 1943ರಿಂದ ಕೆಲವು ವರ್ಷ ಫ್ರಾನ್ಸಿನ ರೆನ್ವಾ ಎಂಬ ಹಿರಿಯ ಕಲಾವಿದನ ರೀತಿಯಲ್ಲಿ ಬಿಸಿಲಿನ ಬಣ್ಣ ಹಚ್ಚಿ ಬರೆದ. ಅಭಿಮಾನಿಗಳಿಗೂ ಅದು ಬೇಡವಾಯಿತು. 1948ರಲ್ಲಿ ಪ್ಯಾರಿಸ್‌ನಲ್ಲಿ ಅವನ ಮೊದಲ ಏಕವ್ಯಕ್ತಿ ಪ್ರದರ್ಶನದ ಅವಕಾಶ ಬಂತು. ಇಷ್ಟು ವರ್ಷ ಕಾಯಿಸಿದವರಿಗೆ ತಕ್ಕ ಉತ್ತರ ಕೊಡಬೇಕು ಎಂದು ಕೆಲವೇ ವಾರಗಳಲ್ಲಿ ಬೇಕೆಂದೇ ಒರಟಾದ, ಕಣ್ಣು ಕುಕ್ಕುವ ಬಣ್ಣದ, ಹಾಸ್ಯದ ಚಿತ್ರಗಳ ರಾಶಿ ಹಾಕಿದ. ಆ ಅವಧಿಗೆ ಫ್ರೆಂಚ್‌ನಲ್ಲಿ 'ವಾಶ್' ಕಾಲ ಎಂಬ ಹೆಸರು ನಿಂತಿದೆ. ವಾಶ್ ಎಂದರೆ ಹಸು. ಆ ಭಾಷೆಯ ಆಡುಮಾತಿನಲ್ಲಿ ಕೆಟ್ಟದ್ದು ಎಂಬ ಅರ್ಥವೂ ಇದೆ, ನಮಗೆ ಸೋಜಿಗ! ಪ್ಯಾರಿಸ್‌ನವರು ಮೂಗು ಮುರಿದರು. ಜಾರ್ಜೆತ್‌ಗೂ ಹಳೆಯ ರೀತಿಯೇ ಮೆಚ್ಚು. ಅವನು ಹಳೆಯ ದಾರಿಗೆ ಮರಳಿದ.

ಮರಳಿದ ಮೇಲೆ ಬಂದದ್ದು 'ಬೆಳಕಿನ ಸಾಮ್ರಾಜ್ಯ' ಎಂಬ ಸರಣಿ. 1949ರಿಂದ ಅದೇ ವಿಷಯವನ್ನು ತೈಲವರ್ಣದಲ್ಲಿ 17 ಸಲ ಬರೆದ. ಒಂದು ಬೀದಿ, ಮನೆ, ಮರ, ಉರಿಯುವ ಬೀದಿದೀಪ. ಕೆಳಗೆ ನಡುರಾತ್ರಿ. ಮೇಲಿನ ಆಕಾಶ ಮಾತ್ರ ಬೆಳ್ಳಂಬೆಳಗು, ಬಿಳಿ ಮೋಡ. ಮೊದಲ ನೋಟಕ್ಕೆ ಏನೂ ತಪ್ಪು ಕಾಣುವುದಿಲ್ಲ. ಒಂದು ಕ್ಷಣ ಬಿಟ್ಟು ಮೈ ಜುಮ್ಮೆನ್ನುತ್ತದೆ. ಈ ಸರಣಿಯ 1954ರ ಒಂದು ಚಿತ್ರ 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 12 ಕೋಟಿ ಡಾಲರ್‌ಗೂ ಹೆಚ್ಚಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಗೂ ಮೇಲೆ. ಬಾಡಿಗೆ ಮನೆಯಲ್ಲಿ ಜಾಹೀರಾತು ಬರೆದು ದಿನ ದೂಡಿದವನ ಚಿತ್ರ. ಈ ಬೆಲೆಯೂ ಒಂದು ಚೀಟಿಯೇ ಅನ್ನಿ, ಚಿತ್ರ ಬೇರೆ.

ನಿಜವಾದ ಹೆಸರು ಅವನಿಗೆ ಬಂದದ್ದು ಐವತ್ತು ದಾಟಿದ ಮೇಲೆ. 1965ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಅವನ ಜೀವಮಾನದ ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಎರಡು ವರ್ಷಕ್ಕೆ, 1967ರ ಆಗಸ್ಟ್ 15ರಂದು, ಕ್ಯಾನ್ಸರ್‌ನಿಂದ ತೀರಿಕೊಂಡ. ಫ್ರಾನ್ಸಿನ ತತ್ವಜ್ಞಾನಿ ಮಿಶೆಲ್ ಫೂಕೋ ಆ ಪೈಪಿನ ಮೇಲೆಯೇ ಒಂದು ಪುಸ್ತಕ ಬರೆದ. ಬೆಲ್ಜಿಯಂನ 500 ಫ್ರಾಂಕ್ ನೋಟಿನ ಮೇಲೆ ಅವನ ಮುಖ ಬಂತು. 2009ರಲ್ಲಿ ಬ್ರಸೆಲ್ಸ್‌ನಲ್ಲಿ ಅವನದೇ ದೊಡ್ಡ ಮ್ಯೂಸಿಯಂ ತೆರೆಯಿತು.

ಇದೆಲ್ಲ ನಮಗೆ ಯಾಕೆ ಬೇಕು ಎಂದು ಹಿರಿಯರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಈಗ ಪ್ರತಿ ಮನೆಯಲ್ಲೂ ಫೋನಿದೆ. ನಡೆಯದ ಘಟನೆಯ ಫೋಟೋವನ್ನು, ಆಡದ ಮಾತಿನ ವಿಡಿಯೋವನ್ನು ಯಂತ್ರ ನಿಮಿಷದಲ್ಲಿ ತಯಾರಿಸಿಕೊಡುತ್ತದೆ. 'ಫೋಟೋನೇ ಇದೆಯಲ್ಲ, ಇನ್ನೇನು ಸಾಕ್ಷಿ ಬೇಕು' ಎಂದು ಜನ ಜಗಳಕ್ಕೆ ನಿಲ್ಲುತ್ತಾರೆ. ಫಾರ್ವರ್ಡ್ ಮಾಡುವ ಮುಂಚೆ ಪ್ರತಿ ಫೋಟೋದ ಕೆಳಗೂ 'ಇದು ಪೈಪು ಅಲ್ಲ' ಎಂದು ಮನಸ್ಸಿನಲ್ಲೇ ಬರೆದುಕೊಂಡು ನೋಡಿ. ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಕಡತದ ಮಾತೂ ಹಾಗೆಯೇ. ಪಿಂಚಣಿ ಪಟ್ಟಿಯಲ್ಲಿ ತೀರಿಕೊಂಡಿದ್ದಾರೆ ಎಂದು ಯಾರೋ ತಪ್ಪಾಗಿ ತುಂಬಿದರೆ, ಕಿಟಕಿಯ ಮುಂದೆ ಕೋಲೂರಿ ನಿಂತ ಅಜ್ಜಿ ತಾನು ಬದುಕಿದ್ದೇನೆ ಎಂದು ಕಾಗದ ತಂದು ತೋರಿಸಬೇಕಾಗುತ್ತದೆ. ಅಲ್ಲಿ ಅಂಟಿಸಿದ ಚೀಟಿ ಗೆದ್ದಿದೆ, ಸೇಬು ಸೋತಿದೆ. ಅಂಥ ಪ್ರೋಗ್ರಾಂಗಳನ್ನು ಬರೆಯುವವರು ನಮ್ಮಂಥವರೇ. ಈ ಶಾಲೆಯಿಂದ ಮುಂದೆ ಇಂಜಿನಿಯರ್ ಆಗುವ, ಗುಮಾಸ್ತರಾಗುವ, ಅಧಿಕಾರಿಗಳಾಗುವ ಮಕ್ಕಳಿಗೆ ನಾನು ಹೇಳುವುದು ಇದನ್ನೇ. ಪರದೆಯ ಮೇಲೆ ಕಾಣುವುದು ಅಜ್ಜಿಯ ಹೆಸರು. ಅಜ್ಜಿ ಕಿಟಕಿಯ ಆಚೆ ನಿಂತಿದ್ದಾಳೆ. ತಲೆ ಎತ್ತಿ ನೋಡಿ.

ಗುರುಗಳಿಗೂ ತಂದೆತಾಯಿಗಳಿಗೂ ಒಂದು ಮಾತು. ಅಂಕಪಟ್ಟಿಯಲ್ಲಿ ಮಗುವಿನ ಹೆಸರಿರುತ್ತದೆ, ಸಂಖ್ಯೆ ಇರುತ್ತದೆ. ಅದು ಬೇಕು, ಅದಿಲ್ಲದೆ ನಾನೂ ಬಿ.ಇ. ಸೀಟಿಗೆ ಹೋಗಲು ಆಗುತ್ತಿರಲಿಲ್ಲ. ಆದರೆ ಅಂಕಪಟ್ಟಿಯ ಕೆಳಗೂ ಮಾಗ್ರಿತ್‌ನ ಸಾಲು ಬರೆಯಬಹುದು: ಇದು ಮಗು ಅಲ್ಲ. 'ದಡ್ಡ', 'ಕೊನೆ ಬೆಂಚಿನವನು', 'ಗಣಿತ ಬರದವಳು' ಇವೂ ಬಾಟಲಿಯ ಮೇಲಿನ ಚೀಟಿಗಳೇ. ಮುಚ್ಚಳ ತೆಗೆದು ನೋಡುವ ತಾಯಿಯ ಅಭ್ಯಾಸ ಶಾಲೆಗೂ ಬರಲಿ.

ಕೊನೆಯದಾಗಿ ಒಂದು ಕೋರಿಕೆ. ಪರೀಕ್ಷೆ ಹತ್ತಿರ ಬಂದಾಗ ಎಲ್ಲ ಕಡೆಯೂ ಮೊದಲು ಹೋಗುವುದು ಡ್ರಾಯಿಂಗ್ ಪೀರಿಯಡ್. ಗಣಿತಕ್ಕೋ ವಿಜ್ಞಾನಕ್ಕೋ ಬಿಟ್ಟುಕೊಡುತ್ತೇವೆ. ವಾರಕ್ಕೆ ಆ ಒಂದು ಗಂಟೆಯನ್ನಾದರೂ ಉಳಿಸಿ. ಒಂದು ವಸ್ತುವನ್ನು ಹೆಸರು ಹೇಳಿ ಮುಗಿಸದೆ ಹತ್ತು ನಿಮಿಷ ಕಣ್ಣಿಟ್ಟು ನೋಡುವುದನ್ನು ಮಗು ಕಲಿಯುವುದು ಆ ಗಂಟೆಯಲ್ಲಿ. ಮಾಗ್ರಿತ್‌ನ ಹತ್ತು ಚಿತ್ರಗಳ ದೊಡ್ಡ ಪ್ರತಿಗಳನ್ನೂ, ವರ್ಷಕ್ಕಾಗುವಷ್ಟು ಡ್ರಾಯಿಂಗ್ ಹಾಳೆ ಬಣ್ಣಗಳನ್ನೂ ನಮ್ಮ ಬ್ಯಾಚಿನವರು ಶಾಲೆಗೆ ಕೊಡುತ್ತೇವೆ. ಗೋಡೆಗೆ ಹಾಕಿ. ಕೆಳಗೆ ಹೆಸರು ಮಾತ್ರ ಬರೆಯಬೇಡಿ. ಏನು ಕಾಣುತ್ತದೆ ಎಂದು ಮಕ್ಕಳೇ ಮೊದಲು ಹೇಳಲಿ.